ನಾಯಿ ತಿಂದ್ಕೊಳ್ಲಿ ಅಂತ ಎಸೆಯೋ ಮುಂಚೆ

ನಮ್ಮ ಕಡೆ ಊಟ ಮಿಕ್ಕರೂ, ಕುರಿ ಕೊಯ್ದು ಬೇಡದ್ದು ಉಳಿದರೂ ಎಲ್ಲರ ಬಾಯಲ್ಲಿ ಬರುವುದು ಒಂದೇ ಮಾತು, 'ಆಚೆ ಎಸಿ, ನಾಯಿ ತಿಂದ್ಕೊಳ್ತವೆ'. ಕಸವೂ ಹೋಯ್ತು, ಒಂದಿಷ್ಟು ಪುಣ್ಯವೂ ಬಂತು ಅನ್ನೋ ಸಮಾಧಾನ. ನನ್ನ ಪ್ರಕಾರ ಎರಡೂ ಸುಳ್ಳು. ಎಸೆದದ್ದು ನಾಯಿಗೂ ಒಳ್ಳೇದು ಮಾಡಲ್ಲ, ಹತ್ತು ಕುರಿ ಸಾಕಿಕೊಂಡಿರೋ ನಮ್ಮಂಥವರಿಗೂ ಒಳ್ಳೇದು ಮಾಡಲ್ಲ.

ಗೌರಿಬಿದನೂರಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಹಾದು ಚಿಂತಾಮಣಿಗೆ ಹೋಗೋ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಊರು ಮುಗಿದು ಹೊಲ ಶುರುವಾಗೋ ಕಡೆ, ಮೋರಿ ಪಕ್ಕ, ಕೆರೆ ಏರಿ ಕೆಳಗೆ ಕಪ್ಪು ಕವರುಗಳ ಗುಡ್ಡೆ ಕಾಣುತ್ತೆ. ಒಳಗೆ ಕೋಳಿ ಪುಕ್ಕ, ಕರುಳು, ಬಾಡೂಟದ ಮೂಳೆ, ಕಲ್ಯಾಣ ಮಂಟಪದ ಎಂಜಲೆಲೆ. ಪ್ಲಾಸ್ಟಿಕ್ ಚೀಲಗಳನ್ನ ನಮ್ಮ ಸರ್ಕಾರ 2016ರಲ್ಲೇ ನಿಷೇಧ ಮಾಡಿದೆ. ಆ ಸುದ್ದಿ ಕೋಳಿ ಅಂಗಡಿಗಳಿಗೆ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತೆ.

ಮೊದಲು ನಾಯಿಯ ಕಷ್ಟ ನೋಡೋಣ. ಬೆಂದ ಮೂಳೆ ಪೆಡಸಾಗಿರುತ್ತೆ, ಕಡಿದರೆ ಸೂಜಿ ಥರ ಸೀಳುತ್ತೆ. ಕೋಳಿ ಮೂಳೆಯಂತೂ ಕೇಳಲೇಬೇಡಿ. ಗಂಟಲಲ್ಲಿ ಸಿಕ್ಕಿದರೆ ನೀರೂ ಇಳಿಯಲ್ಲ, ಕರುಳಿಗೆ ಚುಚ್ಚಿದರೆ ನಾಯಿ ಎಲ್ಲೋ ಬೇಲಿ ಮರೆಯಲ್ಲಿ ಬಿದ್ದು ಸಾಯುತ್ತೆ, ನಮಗೆ ಗೊತ್ತೂ ಆಗಲ್ಲ. ಸಾರು ಹಾಕಿ ಗಂಟು ಕಟ್ಟಿದ ಕವರನ್ನ ಅದು ಬಿಚ್ಚಿ ತಿನ್ನುತ್ತಾ? ವಾಸನೆಗೆ ಕವರ್ ಸಮೇತ ನುಂಗುತ್ತೆ. ನಮ್ಮ ಪಕ್ಕದ ಹೊಲದವರ ನಾಯಿ, ಕಡ್ಲೆಕಾಯಿ ಹೊಲಕ್ಕೆ ಹಂದಿ ಬಂದರೆ ಅರ್ಧ ಮೈಲಿ ಅಟ್ಟುತ್ತಿದ್ದ ನಾಯಿ, ಹೋದ ವರ್ಷ ಹಾಗೇ ಹೋಯ್ತು. ಎಂಟು ದಿನ ಏನೂ ತಿನ್ನಲಿಲ್ಲ, ಬರೀ ವಾಂತಿ. ಕೊನೆಗೆ ಬಂದಿದ್ದು ಒಂದು ತುಂಡು ಕಪ್ಪು ಕವರು.

ಇನ್ನು ಬೂಷ್ಟು ಹಿಡಿದ ಕಾಳು. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಮುಸುಕಿನ ಜೋಳ, ಕಡ್ಲೆಕಾಯಿ ಎರಡಕ್ಕೂ ಬೂಷ್ಟು ಬರೋದು ನಮಗೆ ಹೊಸದಲ್ಲ. ಮಾರಾಟಕ್ಕೆ ಬರಲ್ಲ ಅಂತ ಅದನ್ನ ಬೇಯಿಸಿ ನಾಯಿಗೆ ಹಾಕೋರು ಇದ್ದಾರೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಬೇಯಿಸಿದರೂ ಅದು ಹೋಗಲ್ಲ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆ ಬಂದು, ಹೊಟ್ಟೆ ಊದಿ ಸತ್ತರು. ಅವೇ ಮನೆಗಳ ಊಟ ತಿಂದ ನಾಯಿಗಳಿಗೂ ಅದೇ ಗತಿ ಆಯ್ತು. ದ್ರಾಕ್ಷಿ ಬೆಳೆಯೋ ಚಿಕ್ಕಬಳ್ಳಾಪುರದ ಕಡೆಯವರಿಗೆ ಇನ್ನೊಂದು ಮಾತು. ದ್ರಾಕ್ಷಿ ತಿಂದರೆ ಕೆಲವು ನಾಯಿಗಳಿಗೆ ಮೂತ್ರಪಿಂಡವೇ ಕೆಟ್ಟುಹೋಗುತ್ತೆ. ಆರಿಸಿ ಬಿಟ್ಟ ಗೊಂಚಲನ್ನ ದಾರಿಗೆ ಸುರಿಯಬೇಡಿ.

ಇಷ್ಟು ಓದಿ 'ನಾಯಿ ತಾನೇ, ಹೋಗ್ಲಿ ಬಿಡಣ್ಣ' ಅನ್ನೋರಿಗೆ ಈಗ ಹೇಳೋದು ಮುಖ್ಯ. ನಿಮ್ಮ ಮಂದೇಲಿ ಒಂದು ಮರಿ ಇದ್ದಕ್ಕಿದ್ದಂತೆ ತಲೆ ಒಂದು ಕಡೆ ವಾಲಿಸಿಕೊಂಡು ಗಿರಗಿರನೆ ಒಂದೇ ಕಡೆಗೆ ಸುತ್ತೋದನ್ನ ನೋಡಿದ್ದೀರಾ? ಗಾಳಿ ಸೋಕು ಅಂತ ನಿಂಬೆಹಣ್ಣು ನಿವಾಳಿಸಿದವರೂ ಇದ್ದಾರೆ. ನಮ್ಮ ಹೋಬಳಿಯ ಪಶುವೈದ್ಯರು ಚೀಟಿ ಹಿಂದೆ ಚಿತ್ರ ಬರೆದು ಇದನ್ನ ತೋರಿಸಿಕೊಟ್ಟರು. ಆ ಕುರಿಯ ಮಿದುಳಲ್ಲಿ ನೀರು ತುಂಬಿದ ಗುಳ್ಳೆ ಇರುತ್ತೆ. ಆ ತಲೆಯನ್ನ ನಾಯಿಗೆ ಎಸೆದರೆ ಗುಳ್ಳೆಯೊಳಗಿನ ಮರಿಹುಳ ನಾಯಿಯ ಕರುಳಲ್ಲಿ ಲಾಡಿಹುಳ ಆಗಿ ಬೆಳೆಯುತ್ತೆ. ಸುಮಾರು ಒಂದೂವರೆ ತಿಂಗಳಾದ ಮೇಲೆ ನಾಯಿಯ ಹೇಲಿನಲ್ಲಿ ಮೊಟ್ಟೆ ಬರೋಕೆ ಶುರು. ಅದು ಬೀಳೋದು ಬದುವಿನ ಹುಲ್ಲಿನ ಮೇಲೆ. ಅದೇ ಹುಲ್ಲು ನಮ್ಮ ಮರಿ ಮೇಯುತ್ತೆ, ಮೊಟ್ಟೆಯಿಂದ ಬಂದ ಹುಳ ರಕ್ತದ ಜೊತೆ ಮಿದುಳಿಗೆ ಏರುತ್ತೆ. ಅಂದರೆ ರೋಗವನ್ನ ನಾಯಿಗೆ ಕೊಟ್ಟವರೂ ನಾವೇ, ವಾಪಸ್ಸು ಇಸ್ಕೊಂಡವರೂ ನಾವೇ. ನಾಯಿ ಮಾತ್ರ ಆರಾಮಾಗಿ ಬಾಲ ಅಲ್ಲಾಡಿಸ್ತಾ ಇರುತ್ತೆ, ನೋಡಿದರೆ ಏನೂ ತಿಳಿಯಲ್ಲ.

ಕುರಿಯ ಈಲಿ, ಶ್ವಾಸಕೋಶದಲ್ಲಿ ಬರೋ ಗುಳ್ಳೆಗಳ ಕಥೆಯೂ ಹೀಗೇ. ಅದರ ಹುಳ ಬೇರೆ, ಆದರೆ ಅದರ ಮೊಟ್ಟೆ ಮನುಷ್ಯರ ಹೊಟ್ಟೆಗೂ ಸೇರುತ್ತೆ. ನಾಯಿ ಮುಟ್ಟಿದ ಕೈಯಲ್ಲೇ ಮಕ್ಕಳು ರೊಟ್ಟಿ ತಿಂದರೆ ಸಾಕು. ವರ್ಷಗಟ್ಟಲೆ ಆದಮೇಲೆ ಈಲಿಯಲ್ಲಿ ಗುಳ್ಳೆ ಅಂತ ಆಪರೇಷನ್ ಮಾಡಿಸಬೇಕಾಗುತ್ತೆ.

ಒಂದೇ ಜಾಗದಲ್ಲಿ ದಿನಾ ಮಾಂಸ ಬಿದ್ದರೆ ನಾಯಿಗಳು ಗುಂಪು ಕಟ್ಟುತ್ತವೆ. ಅಂಗಡಿ ರಜಾ ಇದ್ದ ದಿನ ಅವು ಎಲ್ಲಿಗೆ ಹೋಗಬೇಕು? ರೊಪ್ಪಕ್ಕೆ ಬರುತ್ತವೆ. ನನ್ನ ಎರಡು ಕುರಿ ಅಮಾವಾಸ್ಯೆಯ ಮಾರನೇ ದಿನ ಹಾಗೇ ಹೋದವು. ಬೆಂಗಳೂರಲ್ಲಿ 2007ರಲ್ಲಿ ಎರಡು ಪುಟ್ಟ ಮಕ್ಕಳನ್ನ ನಾಯಿಗಳು ಕೊಂದಾಗಲೂ ಮಾಂಸದಂಗಡಿಗಳ ಕಸದ ಮಾತು ಬಂದಿತ್ತು. ನಾನು ಹುಡುಗನಾಗಿದ್ದಾಗ ಊರಾಚೆ ಸತ್ತ ದನ ಹಾಕಿದರೆ ರಣಹದ್ದುಗಳು ಇಳಿದು ಬರೀ ಮೂಳೆ ಉಳಿಸುತ್ತಿದ್ದವು. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ 1990ರ ದಶಕದಲ್ಲಿ ಆ ಹಕ್ಕಿಗಳೇ ಹೋದವು. 2006ರಲ್ಲಿ ದನಕ್ಕೆ ಅದನ್ನ ಕೊಡಬಾರದು ಅಂತ ಆಯ್ತು, ಆದರೆ ಅಷ್ಟರಲ್ಲಿ ಆ ಊಟಕ್ಕೂ ನಾಯಿಗಳೇ ವಾರಸುದಾರರಾಗಿದ್ದವು.

ಕುರಿ ಸತ್ತ ಸಿಟ್ಟಿಗೆ ಮಾಂಸಕ್ಕೆ ಔಷಧಿ ಬೆರೆಸಿ ಇಡೋಣ ಅಂತ ಕೆಲವರು ಅಂತಾರೆ. ನಾನು ಒಪ್ಪಲ್ಲ. ಕಾನೂನಿಗೆ ವಿರುದ್ಧ ಅನ್ನೋದು ಒಂದು, ಮೊದಲು ಸಾಯೋದು ನಮ್ಮ ಹೊಲ ಕಾಯೋ ನಾಯಿ ಅನ್ನೋದು ಇನ್ನೊಂದು. ಗುಡ್ಡೆ ಹಾಗೇ ಇದ್ದರೆ ತಿಂಗಳೊಳಗೆ ಪಕ್ಕದೂರ ನಾಯಿಗಳು ಬಂದು ಜಾಗ ಹಿಡಿಯುತ್ತವೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೂಡ ಬೀದಿಬೀದಿಯಲ್ಲಿ ನಾಯಿಗೆ ಊಟ ಹಾಕಬಾರದು, ಅದಕ್ಕೇಂತ ಜಾಗ ಗೊತ್ತು ಮಾಡಿ ಅಂದಿದೆ. ಅಕ್ಕರೆಯಿಂದ ಹಾಕೋರಿಗೇ ಈ ಮಾತಾದರೆ, ಕಸ ಅಂತ ಎಸೆಯೋರಿಗೆ ಏನು ಹೇಳಬೇಕು?

ಕೋಳಿ ಅಂಗಡಿ ಹುಡುಗನನ್ನ ಕೇಳಿದೆ. 'ಏನ್ ಮಾಡ್ಲಿ ದೊಡ್ಡಪ್ಪ, ಪಂಚಾಯ್ತಿ ಗಾಡೀಲಿ ಒಣ ಕಸ ಮಾತ್ರ ತಗೊಂಡೋಗ್ತಾರೆ' ಅಂದ. ಅವನ ಮಾತಲ್ಲೂ ನ್ಯಾಯ ಇದೆ. ಶಿಡ್ಲಘಟ್ಟದ ರೀಲರುಗಳು ನೂಲು ತೆಗೆದ ಮೇಲೆ ಉಳಿಯೋ ನಾರುವ ಹುಳವನ್ನೂ ಮಾರುತ್ತಾರೆ, ಎಣ್ಣೆಗೆ, ಮೀನು ಕೋಳಿಗಳ ಮೇವಿಗೆ ಹೋಗುತ್ತೆ. ಕೋಳಿ ಕರುಳಿಗೆ ಮಾತ್ರ ನಮ್ಮಲ್ಲಿ ಗಿರಾಕಿನೂ ಇಲ್ಲ, ಗುಂಡಿನೂ ಇಲ್ಲ.

ಗುಂಡಿಗೆ ಏನು ದೊಡ್ಡ ಖರ್ಚು? ಬಾವಿ, ಕೆರೆಯಿಂದ ದೂರ, ಆಳು ಎದೆಮಟ್ಟದ ಗುಂಡಿ ತೋಡಿ, ಹಾಕಿದಾಗೆಲ್ಲ ಮಣ್ಣು ಮುಚ್ಚಿ, ಮೇಲೆ ಜಾಲಿಮುಳ್ಳು ಎಳೆದರೆ ನಾಯಿ ಕೆದಕಲ್ಲ. ಅನ್ನ, ಎಲೆ, ತರಕಾರಿ ಸಿಪ್ಪೆ ತಿಪ್ಪೆಗೆ ಹೋಗಲಿ, ಮೇಲೆ ಎರಡು ಮಂಕರಿ ಸಗಣಿ ಬೀಳಲಿ. ಗುಳ್ಳೆ ಇರೋ ಈಲಿ, ಸುತ್ತುತ್ತಿದ್ದ ಕುರಿಯ ತಲೆ ಇವನ್ನ ಸುಡಬೇಕು, ಇಲ್ಲ ಆಳವಾಗಿ ಹೂಳಬೇಕು. ಮನೆ ನಾಯಿಗೆ ಮುದ್ದೆ, ಮೂಳೆ ತೆಗೆದ ಸಾರು ತಟ್ಟೇಲಿ ಹಾಕಿ. ಪ್ರಾಜಿಕ್ವಾಂಟೆಲ್ ಇರೋ ಜಂತುಹುಳದ ಮಾತ್ರೆಯನ್ನ ಪಶು ಆಸ್ಪತ್ರೆಯಲ್ಲಿ ಕೇಳಿ, ನಾಯಿಯ ತೂಕಕ್ಕೆ ತಕ್ಕಂತೆ ಮೂರು ತಿಂಗಳಿಗೊಮ್ಮೆ ಕೊಡಿ. ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಂದು ಹಾಕಿಸಿ.

ನಮ್ಮಲ್ಲಿ ಅತಿ ಹೆಚ್ಚು ಕುರಿ ಬೀಳೋದು ಯುಗಾದಿ ಮಾರನೇ ದಿನ, ಹೊಸತೊಡಕಿಗೆ. ಅಷ್ಟರೊಳಗೆ ಊರಿಗೊಂದು ಗುಂಡಿ ಆಗಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಮೋರಿಯ ಅರ್ಜಿ ಜೊತೆ ಇದನ್ನೂ ಬರೆದು ಕೊಡಿ, ಜಾಗ ಯಾವುದು ಅಂತ ನೀವೇ ತೋರಿಸಿ.