ಚಳಿಗಾಲದ ದಾರಿಯಲ್ಲೊಂದು ಊಟ

ಡಿಸೆಂಬರ್ ತಿಂಗಳ ಒಂದು ದಿನ ನಾವು ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯಲ್ಲಿ, ಬಕ್ಸ್‌ಟನ್ ಪಟ್ಟಣದಿಂದ ಆಷ್‌ಬೋರ್ನಿನ ಕಡೆಗೆ ಮೋಟಾರಿನಲ್ಲಿ ಹೋಗುತ್ತಿದ್ದೆವು. ದಾರಿ ಸುಮಾರು 20 ಮೈಲಿ. ಸುಣ್ಣಕಲ್ಲಿನ ಆ ಎತ್ತರದ ಪ್ರದೇಶದಲ್ಲಿ ಮರಗಳು ವಿರಳ. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು ಮಾತ್ರ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿರುತ್ತವೆ. ಆ ತಿಂಗಳಲ್ಲಿ ಅಲ್ಲಿ ಸೂರ್ಯನು ನಾಲ್ಕು ಗಂಟೆಯೊಳಗೇ ಮುಳುಗುವನು. ಹಗಲಿನಲ್ಲಿ ಕರಗಿದ ಹಿಮವು ಕತ್ತಲಾದೊಡನೆ ರಸ್ತೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟುವುದು.

ನಮ್ಮೊಡನೆ ತಾಯಿಯವರಿದ್ದರು. ಅವರಿಗೆ ಸಕ್ಕರೆಯ ಕಾಯಿಲೆ. ಹೊತ್ತಿಗೆ ಸರಿಯಾಗಿ ಆಹಾರ ಬೀಳದಿದ್ದರೆ ಕೈಕಾಲು ನಡುಗುವುದು. ಊಟಕ್ಕೆಂದು ನಂಬಿಕೊಂಡಿದ್ದ ಹಳ್ಳಿಯ ಪಬ್ಬಿನ ಕಿಟಕಿಗಳಿಗೆ ಹಲಗೆ ಬಡಿದಿತ್ತು. ಹಳ್ಳಿಗಳಲ್ಲಿ ಹೀಗೆ ಶಾಶ್ವತವಾಗಿ ಮುಚ್ಚಿದವು ಅನೇಕವಂತೆ. ಮುಂದಿನದನ್ನು ಸೇರುವಾಗ ಒಂದೂ ಮುಕ್ಕಾಲು ಗಂಟೆ. ಇಂಥ ಕಡೆಗಳಲ್ಲಿ ಮಧ್ಯಾಹ್ನದ ಅಡುಗೆಯನ್ನು ಎರಡಕ್ಕೋ ಎರಡೂವರೆಗೋ ನಿಲ್ಲಿಸಿಬಿಡುವುದುಂಟು.

ಹೊರಗೆ ತೂಗಾಡುವ ಹಲಗೆಯ ಮೇಲೆ ಓಕ್ ಮರದ ಚಿತ್ರವಿತ್ತು. 1651ರಲ್ಲಿ ವುಸ್ಟರಿನ ಯುದ್ಧದಲ್ಲಿ ಸೋತ ಎರಡನೆಯ ಚಾರ್ಲ್ಸನು ಶತ್ರುಗಳ ಕಣ್ಣಿಗೆ ಬೀಳದಂತೆ ಅಂಥದೊಂದು ಮರದಲ್ಲಿ ಅವಿತಿದ್ದನು. ಆ ನೆನಪಿನ ಹೆಸರುಳ್ಳ ಪಬ್ಬುಗಳು ಆ ದೇಶದಲ್ಲಿ ನೂರಾರಿವೆ. ನಮ್ಮ ಸೋದರಳಿಯನು ಇದನ್ನು ವಿವರಿಸುತ್ತಿರುವಾಗಲೇ ತಾಯಿಯವರು, "ಇದು ಹೆಂಡದಂಗಡಿಯಲ್ಲವೇನಪ್ಪ? ನಾನು ಗಾಡಿಯಲ್ಲೇ ಕೂತಿರುತ್ತೇನೆ" ಎಂದರು.

ಅವರನ್ನು ಹಳೆಯ ಕಾಲದವರೆಂದು ನಗುವುದು ಸುಲಭ. ಆದರೆ ಅವರು ಬೆಳೆದ ಊರಿನಲ್ಲಿ ಸಾರಾಯಿ ಅಂಗಡಿಯು ವಾರದ ಕೂಲಿಯನ್ನು ನುಂಗಿ, ಹೆಂಗಸರನ್ನೂ ಮಕ್ಕಳನ್ನೂ ಉಪವಾಸ ಕೆಡವಿದ್ದನ್ನು ಕಣ್ಣಾರೆ ಕಂಡವರು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾದಾಗ ದೇವರಿಗೆ ತುಪ್ಪದ ದೀಪ ಹಚ್ಚಿದವರು. ನಾವು ವಾದಿಸಲಿಲ್ಲ. ಸೋದರಳಿಯನೇ, "ಅಜ್ಜಿ, ಒಳಗೆ ಬೆಂಕಿ ಇದೆ. ಐದು ನಿಮಿಷ ಕೈ ಕಾಯಿಸಿಕೊಳ್ಳಿ, ಹಿಡಿಸದಿದ್ದರೆ ಹೊರಟುಬಿಡೋಣ" ಎಂದು ಕೈಹಿಡಿದು ಇಳಿಸಿದನು.

ಒಳಗೆ ಸೌದೆ ಉರಿಯುತ್ತಿದ್ದ ದೊಡ್ಡ ಒಲೆ. ಅದರ ಮುಂದೆ ಒದ್ದೆ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಒಂದು ಮೂಲೆಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗುವಿಗೆ ಊಟ ಮಾಡಿಸುತ್ತಿದ್ದಳು. ತಾಯಿಯವರು ಆ ಮಗುವನ್ನೇ ಬಹಳ ಹೊತ್ತು ನೋಡಿ, ಶಾಲನ್ನು ಸಡಿಲಿಸಿ ಕುಳಿತರು.

ಅಲ್ಲಿ ಊಟವನ್ನು ಕಟ್ಟೆಯ ಬಳಿಗೆ ಹೋಗಿ ನಾವೇ ಹೇಳಿ ಬರಬೇಕು. ಶಾಕಾಹಾರಿಗಳು ಇನ್ನೊಂದು ಮಾತನ್ನೂ ಕೇಳಬೇಕು: ತರಕಾರಿ ಸೂಪೆಂದರೂ ಅದರ ನೀರು ಕೋಳಿಯ ಎಲುಬಿನದಿರಬಹುದು, ಆ ಕಡೆ ಆಲೂಗಡ್ಡೆಯ ಹೋಳುಗಳನ್ನು ದನದ ಕೊಬ್ಬಿನಲ್ಲಿ ಕರಿಯುವವರೂ ಉಂಟು. ಕೇಳಿದೆವು. ಬಡಿಸುವ ಹುಡುಗಿ ತಾನೇ ಊಹಿಸಿ ಉತ್ತರ ಹೇಳದೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದಳು. ಸೂಪು ಬೇಡ, ಇಡಿಯಾಗಿ ಒಲೆಯಲ್ಲಿ ಸುಟ್ಟ ಆಲೂಗಡ್ಡೆ ಕೊಡುತ್ತೇನೆ, ಅದಕ್ಕೆ ಬೆಣ್ಣೆಯಲ್ಲದೆ ಬೇರೇನೂ ಸೇರದು ಎಂದಳು. ಅದು ಬಂದಿತು; ಸಿಪ್ಪೆ ಗರಿಗರಿ, ಒಳಗೆ ಹೊಗೆಯಾಡುವ ಬಿಳಿಯ ತಿರುಳು. ತಾಯಿಯವರು ಕೈಚೀಲದಿಂದ ಚಟ್ನಿಪುಡಿಯ ಡಬ್ಬಿಯನ್ನು ತೆಗೆದರು. "ಕೆಂಡದಲ್ಲಿ ಗೆಣಸು ಸುಟ್ಟ ಹಾಗಿದೆ" ಎಂದು ಅರ್ಧಕ್ಕಿಂತ ಹೆಚ್ಚು ತಿಂದರು. ಕೈನಡುಕ ನಿಂತಿತು.

ಸೋದರಳಿಯನು ಕುಡಿದದ್ದು ಚಹ. ಅಲ್ಲಿ 1967ರ ಕಾನೂನು ನೂರು ಮಿಲಿಲೀಟರು ರಕ್ತದಲ್ಲಿ 80 ಮಿಲಿಗ್ರಾಂ ಮದ್ಯಸಾರವನ್ನು ಮೇರೆಯಾಗಿ ಇಟ್ಟಿತು. ಸ್ಕಾಟ್ಲೆಂಡು 2014ರಲ್ಲಿ ಅದನ್ನು 50ಕ್ಕೆ ಇಳಿಸಿತು. "ಮೇರೆಯ ಲೆಕ್ಕ ನನಗೆ ಬೇಡ ಮಾವ, ಹಿಂದೆ ಅಜ್ಜಿ ಕೂತಿದ್ದಾರೆ" ಎಂದನು.

ಮೂರು ಗಂಟೆಗೆ ಎದ್ದೆವು. ಹುಡುಗಿಯು ಕೇಳದೆಯೇ ನಮ್ಮ ಫ್ಲಾಸ್ಕಿಗೆ ಬಿಸಿನೀರು ತುಂಬಿಕೊಟ್ಟಳು. ಗಾಡಿ ಹತ್ತುವಾಗ ತಾಯಿಯವರು ಹಲಗೆಯ ಮರವನ್ನು ಮತ್ತೊಮ್ಮೆ ನೋಡಿ, "ಊರಿನಲ್ಲಿ ಯಾರಿಗೂ ಹೇಳಬೇಡ" ಎಂದರು. ಇದನ್ನು ಬರೆಯಲು ಅವರ ಅಪ್ಪಣೆ ದೊರೆತದ್ದು ಮೊನ್ನೆ.