ಭಾಷೆ ಬೇಡ ಎನ್ನುವ ಏಜೆಂಟನನ್ನು ನಂಬಬೇಡಿ!

ಕನ್ನಡದ ಯುವಕ ಯುವತಿಯರೇ,

ಹೋದ ತಿಂಗಳು ಒಬ್ಬ ಏಜೆಂಟ್ ನಮ್ಮ ಪ್ರೆಸ್ಸಿಗೆ ಬಂದ. ಐದು ಸಾವಿರ ಕರಪತ್ರ ಬೇಕಂತೆ. ಮ್ಯಾಟರ್ ನೋಡಿದೆ: ‘ಜಪಾನಿನಲ್ಲಿ ಕೆಲಸ. ಭಾಷೆ ಬೇಡ, ಪರೀಕ್ಷೆ ಬೇಡ, ವೀಸಾ ಗ್ಯಾರಂಟಿ.’ ಅಚ್ಚು ಹಾಕುವುದಿಲ್ಲ ಎಂದು ಕಳಿಸಿದೆ. ಸಂಜೆ ನಮ್ಮ ಬೈಂಡಿಂಗ್ ಹುಡುಗ ತಲೆ ಕೆರೆಯುತ್ತಾ ಬಂದು ನಿಂತ. “ಅಣ್ಣಾ, ಎರಡು ಲಕ್ಷ ಕೇಳ್ತಾನೆ. ಅಮ್ಮನ ಒಡವೆ ಅಡ ಇಡೋಣ ಅಂತಿದ್ದೀನಿ” ಎಂದ.

ಅವನಂಥವರಿಗಾಗಿಯೇ ಈ ಮಾತು.

ಜಪಾನಿನಲ್ಲಿ ಕೆಲಸ ಇಲ್ಲವೇ? ಇದೆ! ವಯಸ್ಸಾದವರು ಹೆಚ್ಚಿ, ಮಕ್ಕಳು ಕಡಿಮೆಯಾದ ದೇಶ ಅದು. ದುಡಿಯುವ ಕೈ ಸಾಲದೆ 2019ರ ಏಪ್ರಿಲ್‌ನಲ್ಲಿ ‘ನಿರ್ದಿಷ್ಟ ಕೌಶಲ’ ವೀಸಾ ತಂದಿತು. 2021ರ ಜನವರಿಯಲ್ಲಿ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. 2024ರ ಮಾರ್ಚ್‌ನಲ್ಲಿ, ಐದು ವರ್ಷಕ್ಕೆ 8,20,000 ಜನರವರೆಗೆ ಎಂದು ಲೆಕ್ಕ ಹಾಕಿತು. ಆಗ ಪಟ್ಟಿಗೆ ಸೇರಿದ ಹೊಸ ಕಸುಬುಗಳಲ್ಲಿ ನಮ್ಮ ಮುದ್ರಣ, ಬೈಂಡಿಂಗ್ ಕೂಡ ಇವೆ!

ನಿಯಮ ಏನು? ಡಿಗ್ರಿ ಕೇಳುವುದಿಲ್ಲ. ಹದಿನೆಂಟು ತುಂಬಿರಬೇಕು. ಹೊಸದಾಗಿ ಹೋಗುವವನು ಎರಡು ಪರೀಕ್ಷೆ ಪಾಸಾಗಬೇಕು: ಒಂದು ಕಸುಬಿನದು, ಇನ್ನೊಂದು ಜಪಾನಿ ಭಾಷೆಯದು. ಹೆಚ್ಚಿನ ಕಸುಬುಗಳಿಗೆ ಭಾಷೆಯಲ್ಲಿ ಎನ್4 ಮಟ್ಟ ಸಾಕು. ಐದು ಮೆಟ್ಟಿಲಲ್ಲಿ ಕೆಳಗಿನಿಂದ ಎರಡನೆಯದು. ಅದೇ ಕೆಲಸ ಮಾಡುವ ಜಪಾನಿಯವನಿಗಿಂತ ಸಂಬಳ ಕಡಿಮೆ ಕೊಡುವಂತಿಲ್ಲ. ಅದೇ ಕ್ಷೇತ್ರದೊಳಗೆ ಮಾಲೀಕನನ್ನು ಬದಲಿಸಬಹುದು. ಕಹಿಯೂ ಉಂಟು: ಮೊದಲ ದರ್ಜೆಯ ವೀಸಾಕ್ಕೆ ಐದು ವರ್ಷದ ಮಿತಿ, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಯೋಚಿಸಿ. ಕೈ ಸಾಲದೆ ಕರೆಯುವ ದೇಶವೇ ‘ನಮ್ಮ ಭಾಷೆ ಕಲಿತು ಬಾ’ ಎನ್ನುತ್ತದೆ. ಇದು ಸೊಕ್ಕೇ? ಅಲ್ಲ. ಕಟಿಂಗ್ ಮೆಷಿನ್ ಮೇಲಿನ ಎಚ್ಚರಿಕೆ ಓದಲು ಬಾರದವನ ಬೆರಳು ಹೋಗುತ್ತದೆ. ಸಂಬಳದ ಚೀಟಿ ಓದಲು ಬಾರದವನ ದುಡ್ಡು ಹೋಗುತ್ತದೆ. ಭಾಷೆ ಕಲಿಯದೆ ಹೋದವನು ಕರೆದೊಯ್ದವನ ಕೈಗೊಂಬೆ. ಆದ್ದರಿಂದ ‘ಭಾಷೆ ಬೇಡ’ ಎನ್ನುವವನು ನಿಮಗೆ ಉಪಕಾರ ಮಾಡುತ್ತಿಲ್ಲ, ಗುಂಡಿ ತೋಡುತ್ತಿದ್ದಾನೆ. ಕನ್ನಡ ನಾಡಿನಲ್ಲಿ ಕನ್ನಡ ಕಲಿಯಿರಿ ಎಂದರೆ ಸಂಕುಚಿತರು ಎಂದು ಮೂಗು ಮುರಿಯುವವರೂ ಈ ನಿಯಮವನ್ನೊಮ್ಮೆ ಓದಲಿ!

ಇನ್ನೊಂದು ಎಚ್ಚರ. ಇಂಥ ಪಟ್ಟಿಗಳು ಶಾಶ್ವತವಲ್ಲ. ಆರೈಕೆ ಕೆಲಸದವರಿಗೆ ಬ್ರಿಟನ್ 2022ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿತು. ಅವರಿಗೆ ಬೇಕಾದಾಗ ಕರೆಯುತ್ತಾರೆ, ಸಾಕಾದಾಗ ಮುಚ್ಚುತ್ತಾರೆ. ಸಾಲ ಮಾತ್ರ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಏಜೆಂಟನ ನೋಂದಣಿ ಸಂಖ್ಯೆ ಕೇಳಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ತನ್ನ ಸೇವೆಗೆ ಪಡೆಯಬಹುದಾದ ಶುಲ್ಕಕ್ಕೆ ನಮ್ಮ ಕಾನೂನು ಹಾಕಿದ ಮಿತಿ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ರಶೀದಿ ಇಲ್ಲದೆ ಬಿಡಿಗಾಸೂ ಕೊಡಬೇಡಿ. ಒಪ್ಪಂದ ಪತ್ರ ಓದಿಸಿಕೊಂಡು ಅರ್ಥ ಮಾಡಿಕೊಳ್ಳದೆ ಸಹಿ ಹಾಕಬೇಡಿ. ಪರೀಕ್ಷೆ ಪಾಸಾಗುವ ಮೊದಲು ಒಡವೆ ಮುಟ್ಟಬೇಡಿ.

ನಾನು ಓದಿದ್ದು ಪಿಯುಸಿ. ಪರದೇಶ ಕಂಡವನಲ್ಲ. ಹೋಗಬೇಡಿ ಎಂದೂ ಹೇಳುವುದಿಲ್ಲ. ಹೋಗಿ, ದುಡಿಯಿರಿ, ತಲೆ ಎತ್ತಿ ನಡೆಯಿರಿ. ಆದರೆ ಕಲಿತು ಹೋಗಿ, ಕಾನೂನು ತಿಳಿದು ಹೋಗಿ.

ನಮ್ಮ ಹುಡುಗನ ಅಮ್ಮನ ಒಡವೆ ಪೆಟ್ಟಿಗೆಯಲ್ಲೇ ಇದೆ. ಅವನು ಈಗ ವೇಸ್ಟ್ ಪೇಪರಿನ ಹಿಂಬದಿಯಲ್ಲಿ ಜಪಾನಿ ಅಕ್ಷರ ತಿದ್ದುತ್ತಿದ್ದಾನೆ. ನೀವೂ ಎಚ್ಚೆತ್ತುಕೊಳ್ಳಿ!