ಉಪಗ್ರಹದ ಆಯುಸ್ಸು ನೆಲದ ಕೇಂದ್ರಕ್ಕೂ ಬೇಡವೇ?

ಉಪಗ್ರಹ ಹಾರಿದ ದಿನ ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ. ಅದು ಕಳುಹಿಸುವ ಚಿತ್ರಗಳನ್ನು ಹಿಡಿದಿಡುವ ನೆಲದ ಕೇಂದ್ರವನ್ನು ಮಾತ್ರ ಕೇಳುವವರಿಲ್ಲ.

ಐದು ವರ್ಷದ ಬಾಳಿಕೆಗೆಂದು 2011ರಲ್ಲಿ ಹಾರಿಸಿದ ರಿಸೋರ್ಸ್‌ಸ್ಯಾಟ್-2 ಹತ್ತು ವರ್ಷ ದಾಟಿಯೂ ದುಡಿಯಿತು. ಅಮೆರಿಕದ ಲ್ಯಾಂಡ್‌ಸ್ಯಾಟ್-5 ಅಂತೂ 1984ರಿಂದ 2013ರವರೆಗೆ ಬಾಳಿತು. ಅಷ್ಟರಲ್ಲಿ ನೆಲದ ಗಣಕಯಂತ್ರಗಳು ಎಷ್ಟು ಸಲ ಹಳತಾದುವೋ! ಮೇಲಿನದನ್ನು ಮುಟ್ಟಲಾಗದು, ಕೆಳಗಿನದನ್ನೇ ಹೊಸದು ಮಾಡಬೇಕು, ಅದೂ ಒಂದು ದಿನದ ಚಿತ್ರವೂ ತಪ್ಪದಂತೆ. ಹೈದರಾಬಾದಿನ ಬಳಿಯ ಶಾದ್‌ನಗರದಲ್ಲಿ ಹಲವು ಉಪಗ್ರಹಗಳಿಗೆ ಒಂದೇ ವ್ಯವಸ್ಥೆಯನ್ನು ಮಾಡಿರುವುದು ಶ್ಲಾಘನೀಯ. ಆದರೆ ಹಳೆಯ ಟೇಪುಗಳ ಗತಿಯನ್ನೂ ನೋಡಬೇಕು.

ಇದು ನಮಗೇಕೆ ಎನ್ನಬೇಡಿ. ಸೊಲ್ಲಾಪುರ ಜಿಲ್ಲೆಯ ಹುಲಜಂತಿ ನಮ್ಮ ಕಾಸರಗೋಡಿನಂತೆಯೇ ಗಡಿಯಾಚೆ ಉಳಿದ ಕನ್ನಡದ ನೆಲ. ಹಿಂಗಾರು ಜೋಳದ ಸೀಮೆ. 2016ರ ಕೇಂದ್ರ ಬರ ಕೈಪಿಡಿಯ ಪ್ರಕಾರ ಬರಘೋಷಣೆಯಲ್ಲಿ ಉಪಗ್ರಹ ಕಂಡ ಹಸಿರೂ ಒಂದು ಲೆಕ್ಕ. ಈ ವರ್ಷದ ಹಸಿರನ್ನು ಹಿಂದಿನ ವರ್ಷಗಳದಕ್ಕೆ ಹೋಲಿಸಿ ಬೆಳೆಯ ಸ್ಥಿತಿಯನ್ನು ಅಳೆಯುತ್ತಾರೆ. ಹಳೆಯ ಚಿತ್ರ ಕೆಟ್ಟರೆ ಹೋಲಿಕೆ ಕೆಡುತ್ತದೆ. ಪರಿಹಾರ ತಪ್ಪುವುದು ಅಲ್ಲಿನ ಒಣಬೇಸಾಯಗಾರನಿಗೆ. ರಾಕೆಟ್ಟಿಗೆ ಹಣ ಕೇಳುವ ನಮ್ಮ ಸಂಸತ್ಸದಸ್ಯರು ಈ ನೆಲದ ಕೆಲಸಕ್ಕೆಷ್ಟು ಎಂದೂ ಒಮ್ಮೆ ಕೇಳಲಿ.